ಆಟಿ ತಿಂಗಳಲ್ಲಿ ಬಂದ ವಿದೇಶಿ ಬಂಡವಾಳ

ಕಳೆದ ವರ್ಷ ನಾದಿನಿಯ ಮೊಣಕಾಲಿನ ಆಪರೇಷನ್ನಿಗೆಂದು ಮಣಿಪಾಲಕ್ಕೆ ಹೋಗಿದ್ದೆ. ವಾರ್ಡಿನಲ್ಲಿ ನರ್ಸ್ ಹುಡುಗಿಯೊಬ್ಬಳು ಹೊಸ ರಟ್ಟಿನ ಪೆಟ್ಟಿಗೆಯ ಬಾಯಿ ಹರಿದು ಒಂದು ಜೊತೆ ಕೈಗವಸು ಎಳೆದಳು. ರಬ್ಬರಿನ ಹಸಿ ವಾಸನೆ, ಅದರ ಬೆನ್ನಿಗೇ ಹಿಟ್ಟಿನಂಥ ಪೌಡರಿನ ವಾಸನೆ ನನ್ನ ಮೂಗಿಗೆ ಬಡಿಯಿತು. ಪೆಟ್ಟಿಗೆಯ ಬದಿಯಲ್ಲಿ ಮಲೇಷ್ಯಾದಲ್ಲಿ ತಯಾರಾದದ್ದು ಎಂದು ಬರೆದಿತ್ತು. ಸುಮ್ಮನಿರಲಾಗದೆ, "ಇದು ನಮ್ಮ ಕಾಪುವಿನಲ್ಲಿ ಆಗಬೇಕಿತ್ತು" ಎಂದುಬಿಟ್ಟೆ. ಹುಡುಗಿ ತಿರುಗಿ, "ಎಂತ ಅಮ್ಮಾ?" ಎಂದಳು. ಮಂಚದ ಮೇಲಿದ್ದ ನಾದಿನಿ, "ಅವರದ್ದು ಹಳೆಯ ಕತೆ ಉಂಟು, ನೀನು ಕೇಳಲಿಕ್ಕೆ ಹೋಗಬೇಡ ಮಾರಾಯ್ತಿ" ಎಂದು ನಕ್ಕಳು.

ಹಳೆಯ ಕತೆಯೇ ಸರಿ. ಆದರೆ ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ದುಃಖವಲ್ಲ, ಸಿಟ್ಟು. ದುಃಖವಾಗಿದ್ದರೆ ಇಷ್ಟು ವರ್ಷಗಳಲ್ಲಿ ತಣ್ಣಗಾಗುತ್ತಿತ್ತು.

ಎಂಬತ್ತೇಳರ ಮಳೆಗಾಲ. ಉಡುಪಿಯಲ್ಲಿ ಬಿ.ಕಾಂ. ಮುಗಿಸಿ, ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು, ನಾನು ಕಾಪುವಿನ ಭೋಜಣ್ಣನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಆಫೀಸು ಎಂದರೆ ಅವರ ಹಂಚಿನ ಕಾರ್ಖಾನೆಯ ಮುಂದಿನ ಕೋಣೆ. ಕಾರ್ಖಾನೆ ಎಂದರೆ ಹೊಳೆ ಬದಿಯಲ್ಲಿ ಬಾಗಿಲು ಹಾಕಿಕೊಂಡು ಕೂತ ಒಂದು ಉದ್ದನೆಯ ಶೆಡ್ಡು. ಊರೆಲ್ಲ ಟೆರೇಸು ಮನೆ ಕಟ್ಟಲು ಶುರುಮಾಡಿದ ಮೇಲೆ ಹಂಚು ಕೇಳುವವರು ಕಡಿಮೆಯಾಗಿ, ಭಟ್ಟಿ ಆರಿತ್ತು. ಅಲ್ಲಿ ಹಂಚು ಹೊರುತ್ತಿದ್ದ ಹೆಂಗಸರು ಬೀಡಿ ಕಟ್ಟಲು ಕೂತಿದ್ದರು. ಭೋಜಣ್ಣನಿಗೆ ಅದೊಂದು ಆರದ ಗಾಯ. ದಾರಿಯಲ್ಲಿ ಆ ಹೆಂಗಸರು ಎದುರಾದರೆ ಅವರು ಕಾರಿನ ಗಾಜು ಏರಿಸುತ್ತಿದ್ದರು.

ಆಗ ನಮ್ಮ ಕಡೆ ಓದಿದವರೆಲ್ಲ ಬೊಂಬಾಯಿಗೋ ಗಲ್ಫಿಗೋ ಹೋಗುತ್ತಿದ್ದರು. ಪೋಸ್ಟ್‌ಮ್ಯಾನ್ ಮನೆಮನೆಗೆ ಮನಿಯಾರ್ಡರು ಹಂಚುತ್ತಿದ್ದ. ಬ್ಯಾಂಕುಗಳಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿರಲಿಲ್ಲ. ಊರಿಗೆ ದುಡ್ಡು ಬರುತ್ತಿತ್ತು, ಕೆಲಸ ಬರುತ್ತಿರಲಿಲ್ಲ. ನನಗೂ ಬೊಂಬಾಯಿಯ ದೊಡ್ಡಮ್ಮ ಅಲ್ಲಿನ ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ನೋಡಿಟ್ಟಿದ್ದಳು. ನನಗೆ ಹೋಗುವ ಮನಸ್ಸೇ ಇರಲಿಲ್ಲ. ಒಮ್ಮೆ ಆಕೆಯ ಚಾಳಿನಲ್ಲಿ ಒಂದು ತಿಂಗಳಿದ್ದು, ನೀರಿಗಾಗಿ ಸಾಲು ನಿಂತು, ಇನ್ನೊಬ್ಬರ ಉಸಿರು ಉಸಿರಾಡಿ ಬಂದಿದ್ದೆ. ಕಾಪುವಿನಲ್ಲಿ ನನ್ನ ಮನೆಯಿಂದ ನಡೆದುಕೊಂಡು ಹೋಗಿ ಮಾಡುವ ಒಂದು ಒಳ್ಳೆಯ ಕೆಲಸ ಬೇಕು, ಇಷ್ಟೇ ನನ್ನ ಆಸೆ. ಅದು ಅಷ್ಟು ದೊಡ್ಡ ಆಸೆ ಎಂದು ನನಗೆ ಗೊತ್ತಿರಲಿಲ್ಲ.

ಭೋಜಣ್ಣ ಆ ಆಸೆಗೆ ಒಂದು ರೂಪ ಕೊಟ್ಟಿದ್ದರು. ಅವರ ಭಾವನಿಗೆ ಕಾರ್ಕಳದ ಆಚೆ ಗುಡ್ಡದಲ್ಲಿ ರಬ್ಬರ್ ತೋಟವಿತ್ತು. ಮಣಿಪಾಲದಲ್ಲಿ ಆಸ್ಪತ್ರೆ ಇತ್ತು, ಮಂಗಳೂರಿನಲ್ಲಿ ಬಂದರು ಇತ್ತು. ಪ್ರಪಂಚದಲ್ಲೆಲ್ಲ ಹೊಸದೊಂದು ರೋಗದ ಹೆದರಿಕೆ ಹಬ್ಬಿ, ಡಾಕ್ಟರರಿಗೆ ಬೇಕಾಗುವ ಕೈಗವಸಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಪರಿಚಯದ ಒಬ್ಬ ಡಾಕ್ಟರರ ಮೂಲಕ ಸ್ವೀಡನ್ನಿನ ಒಂದು ಕಂಪನಿಯ ಜೊತೆ ಮಾತು ಶುರುವಾಯಿತು. ಅವರ ಯಂತ್ರ, ಅವರ ತಂತ್ರಜ್ಞಾನ, ಅವರದ್ದು ನೂರಕ್ಕೆ ನಲವತ್ತು ಪಾಲು. ಅದಕ್ಕಿಂತ ಹೆಚ್ಚಿಗೆ ಆಗಿನ ಕಾನೂನು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ನಮ್ಮದು ಶೆಡ್ಡು, ರಬ್ಬರು, ಜನ. ಕಾರ್ಖಾನೆ ಆದರೆ ಆಫೀಸಿನ ಉಸ್ತುವಾರಿ ನನಗೆ ಎಂದು ಭೋಜಣ್ಣ ಮಾತು ಕೊಟ್ಟಿದ್ದರು. "ಸುಮತಿ, ನಿನ್ನ ದೊಡ್ಡಮ್ಮನಿಗೆ ಬರೆ, ನಮ್ಮ ಹುಡುಗಿ ಇಲ್ಲೇ ಮ್ಯಾನೇಜರ್ ಆಗ್ತಾಳೆ ಅಂತ" ಎನ್ನುತ್ತಿದ್ದರು. ನಾನು ಬರೆದೂ ಬಿಟ್ಟಿದ್ದೆ.

ದಿಲ್ಲಿಯ ಅನುಮತಿಗೆ ಒಂದೂವರೆ ವರ್ಷ ಹಿಡಿಯಿತು. ಕಾರ್ಬನ್ ಹಾಳೆ ಇಟ್ಟು ಅರ್ಜಿಯ ಮೇಲೆ ಅರ್ಜಿ ಕುಟ್ಟಿ ನನ್ನ ಬೆರಳ ತುದಿ ಸದಾ ನೀಲಿಯಾಗಿರುತ್ತಿತ್ತು. ಅವರು ಒಂದು ಕೇಳಿದರೆ ನಾವು ಕಳಿಸಬೇಕು, ಅಷ್ಟರಲ್ಲಿ ಹಿಂದೆ ಕಳಿಸಿದ್ದು ಅವರಲ್ಲಿ ಕಳೆದುಹೋಗಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಆ ಕಾಲದ ಉದ್ಯಮಿಗಳಿಗೆಂದೇ ಹುಟ್ಟಿದ ಗಾದೆ. ಊರವರು, "ಭೋಜಣ್ಣನ ಫಾರಿನ್ ಕಂಪನಿ ಎಲ್ಲಿಗೆ ಮುಟ್ಟಿತು?" ಎಂದು ಕೇಳಿ ನಗುತ್ತಿದ್ದರು. ಆದರೆ ಆ ವರ್ಷ ಮೇ ತಿಂಗಳಲ್ಲಿ ಪೂಜಾರಿ ವರ ಕೊಟ್ಟ. ಅನುಮತಿ ಬಂತು. ಆಫೀಸಿನಲ್ಲಿ ಗೋಳಿಬಜೆ ಹಂಚಿದೆವು. ಇನ್ನು ಉಳಿದದ್ದು ಸ್ವೀಡನ್ನಿನವರು ಬಂದು ಶೆಡ್ಡು ನೋಡಿ ಒಪ್ಪಂದಕ್ಕೆ ಸಹಿ ಹಾಕುವುದು ಮಾತ್ರ.

ಅವರು ಜುಲೈ ಮೂರನೆಯ ವಾರ ಬರುತ್ತೇವೆ ಎಂದು ಟೆಲೆಕ್ಸ್ ಕಳಿಸಿದರು.

ಭೋಜಣ್ಣ ಗೋಡೆಯ ಕ್ಯಾಲೆಂಡರ್ ನೋಡಿದರು. ಅವರ ಮುಖ ಬಾಡಿತು. "ಆಟಿ ಅಲ್ವಾ ಸುಮತಿ" ಎಂದರು, ಬಹಳ ಸಣ್ಣ ಸ್ವರದಲ್ಲಿ.

ತುಳುನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮಗೆ ಆಟಿ ತಿಂಗಳು. ಹೊರಗೆ ಹೊಯ್ಯುವ ಮಳೆ, ಗದ್ದೆಯಲ್ಲಿ ನಾಟಿ ಮುಗಿದು ಕೆಲಸವಿಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ, ಹಿಂದಿನ ಕಾಲಕ್ಕಾದರೆ ಪತ್ತಾಯದಲ್ಲಿ ಅಕ್ಕಿಯೂ ಇಲ್ಲ. ಆ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ಮನೆ ಒಕ್ಕಲಾಗುವುದಿಲ್ಲ, ಹೊಸತು ಯಾವುದಕ್ಕೂ ಕೈ ಹಾಕುವುದಿಲ್ಲ. ಅದು ಮುಗಿದು ಸೋಣ ತಿಂಗಳು ಹುಟ್ಟಿದರೆ ಎಲ್ಲವೂ ಶುರು. ನನಗೆ ಆಟಿಯ ಮೇಲೆ ಸಿಟ್ಟಿಲ್ಲ. ಹಸಿವಿನ ತಿಂಗಳಲ್ಲಿ ದೊಡ್ಡ ಖರ್ಚಿಗೆ ಹೋಗಬೇಡಿ ಎಂದು ಹಿರಿಯರು ಹೇಳಿದ್ದರಲ್ಲಿ ಬುದ್ಧಿಯೇ ಇತ್ತು.

ಭೋಜಣ್ಣನಿಗೆ ಆಟಿಯ ಭಯಕ್ಕೆ ಸ್ವಂತದ ಕಾರಣವೂ ಇತ್ತು. ಎಪ್ಪತ್ತರ ದಶಕದ ಕೊನೆಗೆ ದೊಡ್ಡದೊಂದು ಆರ್ಡರ್ ಬಂತೆಂದು ಅವರು ತಾಯಿಯ ಮಾತು ಮೀರಿ ಆಟಿಯಲ್ಲೇ ಹೊಸ ಭಟ್ಟಿಗೆ ಬೆಂಕಿ ಹಾಕಿಸಿದ್ದರು. ಭಟ್ಟಿ ಬಿರಿಯಿತು. ಕಾರ್ಖಾನೆ ಅಲ್ಲಿಂದಲೇ ಇಳಿಮುಖವಾಯಿತು ಎಂದು ಅವರ ಲೆಕ್ಕ. ತೇವವಿದ್ದ ಇಟ್ಟಿಗೆಗೆ ಬೆಂಕಿ ಕೊಟ್ಟರೆ ಯಾವ ತಿಂಗಳಲ್ಲೂ ಬಿರಿಯುತ್ತದೆ ಎಂದು ನಾನು ಹೇಳಿದರೆ, "ನಿನಗೆ ಗೊತ್ತಾಗ್ಲಿಕ್ಕಿಲ್ಲ, ನಾನು ಕಣ್ಣಾರೆ ಕಂಡವ" ಎನ್ನುತ್ತಿದ್ದರು.

ಸರಿ, ಸಹಿ ಆಟಿಯಲ್ಲಿ ಬೇಡ. ಅದನ್ನು ಅವರಿಗೆ ಹೇಳಿಬಿಟ್ಟರೆ ಆಯಿತಲ್ಲ?

"ಹೇಳಲಿಕ್ಕೆ ಉಂಟಾ?" ಭೋಜಣ್ಣ ಹೌಹಾರಿದರು. "ಒಂದೂವರೆ ವರ್ಷ ನಾನು ಅವರಿಗೆ ಎಂತೆಂತ ಬರೆದಿದ್ದೇನೆ, ನೀನೇ ಟೈಪ್ ಮಾಡಿದ್ದಲ್ವಾ? ಆಧುನಿಕ, ವೈಜ್ಞಾನಿಕ, ಅಂತ. ಈಗ ತಿಂಗಳು ಒಳ್ಳೆಯದಿಲ್ಲ ಅಂದ್ರೆ ಅವರು ನಮ್ಮನ್ನು ಕಾಡಿನವರು ಅಂತ ತಿಳಿಯುವುದಿಲ್ವಾ? ತಿಂಗಳಿಗೆ ಹೆದರುವವನ ಕೈಗೆ ಯಾರಾದರೂ ಯಂತ್ರ ಕೊಡ್ತಾರಾ?"

ಅದರ ಬದಲು, ಮಳೆ ಜೋರುಂಟು, ಸೆಪ್ಟೆಂಬರಿನಲ್ಲಿ ಬನ್ನಿ ಎಂದು ಟೆಲೆಕ್ಸ್ ಹೋಯಿತು. ಮಳೆ ನಮಗೂ ಗೊತ್ತು, ಚಿಂತೆಯಿಲ್ಲ, ಕಾರ್ಖಾನೆ ಎಲ್ಲಿ ಎಂದು ಬೇಗ ತೀರ್ಮಾನವಾಗಬೇಕು ಎಂದು ಉತ್ತರ ಬಂತು. ಆ ವರ್ಷ ಮಳೆಯೂ ಭೋಜಣ್ಣನ ಮಾನ ಕಾಯಲಿಲ್ಲ. ಎರಡು ದಿನ ಹೊಯ್ದರೆ ಮೂರು ದಿನ ಬಿಸಿಲು.

ಬಂದವರು ಲಾರ್ಸ್ ಎಂಬ ಐವತ್ತರ ಹತ್ತಿರದ ಎತ್ತರದ ಮನುಷ್ಯ. ಮಾತು ಕಡಿಮೆ, ಕೇಳಿದ್ದಕ್ಕೆ ನೇರ ಉತ್ತರ. ಭೋಜಣ್ಣ ಅವರನ್ನು ಲಾಡ್ಜಿಗೆ ಬಿಡದೆ ತಮ್ಮ ಮನೆಯ ಮಾಳಿಗೆಯಲ್ಲೇ ಉಳಿಸಿಕೊಂಡರು. ಮನೆ ಕಾರ್ಖಾನೆಯ ಕಾಂಪೌಂಡಿನಲ್ಲೇ ಇತ್ತು. ಲಾರ್ಸರ ಇಂಗ್ಲಿಷು ನಿಧಾನ, ನನ್ನದು ಇನ್ನೂ ನಿಧಾನ. ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಹೊಂದಿತು.

ಮೊದಲ ದಿನವೇ ಅವರು ಶೆಡ್ಡು ನೋಡಿ ಖುಷಿಪಟ್ಟರು. ಪೆಟ್ಟಿಗೆಯಿಂದ ಬಿಳಿ ಪಿಂಗಾಣಿಯ ಕೈಯೊಂದನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಇಂಥ ಕೈಗಳನ್ನು ಸಾಲಾಗಿ ರಬ್ಬರ್ ಹಾಲಿನಲ್ಲಿ ಅದ್ದಿ, ಒಣಗಿಸಿ, ಗವಸು ಸುಲಿಯುವುದಂತೆ. ಸುದ್ದಿ ತಿಳಿದು ಹಂಚು ಹೊರುತ್ತಿದ್ದ ಹೆಂಗಸರೆಲ್ಲ ಬಂದು ಮುತ್ತಿದರು. ಅವರ ಮುಂದಾಳು ಗಿರಿಜಕ್ಕ ಆ ಕೈಯನ್ನು ಹಿಡಿದು ಹಿಂದೆ ಮುಂದೆ ನೋಡಿ, "ಇದು ಯಾವ ಮನೆಯ ಹೆಣ್ಣು ಮಾರಾಯ್ತಿ, ಒಂದು ಬಳೆಯೂ ಇಲ್ಲ!" ಎಂದು ತನ್ನ ಕೈಯ ಹಸಿರು ಗಾಜಿನ ಬಳೆಯೊಂದನ್ನು ತೆಗೆದು ಅದಕ್ಕೆ ತೊಡಿಸಿದಳು. ಲಾರ್ಸ್ ಬಾಯ್ತುಂಬ ನಕ್ಕರು. ಸುಲಿಯುವ ಕೆಲಸಕ್ಕೆ ಇಂಥ ಕೈಗಳೇ ಬೇಕು ಎಂದರು. ನಾನು ಅದನ್ನು ತುಳುವಿನಲ್ಲಿ ಹೇಳಿದಾಗ ಗಿರಿಜಕ್ಕ, "ಯಾವಾಗ ಶುರು ಅಂತ ಕೇಳು" ಎಂದಳು. ಪಕ್ಕದವಳು ಅವಳ ತೋಳು ಜಗ್ಗಿ, "ಆಟಿಯಲ್ಲಿ ಯಾರಾದರೂ ಶುರು ಮಾಡ್ತಾರಾ? ಸೋಣ ಬರಲಿ" ಎಂದಳು. ಎಲ್ಲರೂ ಹೌದು ಹೌದು ಎಂದರು. ಲಾರ್ಸ್ ನನ್ನ ಕಡೆ ತಿರುಗಿ, ಏನಂತೆ ಎಂದು ಕೇಳಿದರು. ಭೋಜಣ್ಣ ನನಗಿಂತ ಮೊದಲೇ, ಬೇಗ ಶುರುವಾಗಲಿ ಎನ್ನುತ್ತಿದ್ದಾರೆ ಎಂದುಬಿಟ್ಟರು.

ಇಡೀ ಊರಿಗೆ ಗೊತ್ತಿದ್ದ ಸಂಗತಿ, ಗೊತ್ತಿರಲೇಬೇಕಾದ ಒಬ್ಬ ಮನುಷ್ಯನಿಗೆ ಮಾತ್ರ ಗೊತ್ತಿರಲಿಲ್ಲ.

ಆಮೇಲೆ ನೆಪಗಳು ಶುರುವಾದವು. ಕಂಪನಿಯ ಸೀಲು ಮಂಗಳೂರಿನಲ್ಲಿ ಉಂಟು. ಸೀಲು ಬಂದ ಮೇಲೆ, ಛಾಪಾ ಕಾಗದ ಸಿಕ್ಕಲಿಲ್ಲ. ಛಾಪಾ ಕಾಗದ ಬಂದ ಮೇಲೆ, ಪಾಲುದಾರನಾದ ಭಾವನಿಗೆ ಕಾರ್ಕಳದಿಂದ ಬರಲಾಗದು, ಹೊಳೆಯಲ್ಲಿ ನೆರೆ. ಕಾರ್ಕಳದ ಬಸ್ಸುಗಳೋ ಹಿರಿಯಡ್ಕದ ಮೇಲಿನಿಂದ ಗಂಟೆಗೊಂದರಂತೆ ಓಡಾಡುತ್ತಲೇ ಇದ್ದವು. ಒಂದು ಸುಳ್ಳಿನ ತೂತು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಪ್ರತಿಯೊಂದನ್ನೂ ಇಂಗ್ಲಿಷಿನಲ್ಲಿ ಮುಟ್ಟಿಸುವ ಕೆಲಸ ನನ್ನದು. ನಾನು ಮುಖ ಗಂಟಿಕ್ಕಿಕೊಂಡೇ ಹೇಳುತ್ತಿದ್ದೆ. ಲಾರ್ಸ್ ತಲೆಯಾಡಿಸಿ, ಸರಿ, ನಾಳೆ ನೋಡೋಣ ಎಂದು ಕೊಡೆ ಹಿಡಿದು ಕಡಲ ಕಡೆ ಹೋಗುತ್ತಿದ್ದರು. ಲೈಟ್‌ಹೌಸಿನ ಬಂಡೆಯ ಬುಡದಲ್ಲಿ ಒಬ್ಬರೇ ಕೂತಿರುತ್ತಿದ್ದರು.

ನಡುವೆ ಆಟಿ ಅಮಾವಾಸ್ಯೆ ಬಂತು. ಆ ದಿನ ಬೆಳಿಗ್ಗೆ ಹಾಲೆಮರದ ತೊಗಟೆಯ ಕಷಾಯವನ್ನು ಬರಿ ಹೊಟ್ಟೆಯಲ್ಲಿ ಕುಡಿಯುವುದು ನಮ್ಮ ಕ್ರಮ. ಅದರಷ್ಟು ಕಹಿ ಈ ಲೋಕದಲ್ಲಿ ಇನ್ನೊಂದಿಲ್ಲ. ಭೋಜಣ್ಣನ ಹೆಂಡತಿ ವಾರಿಜಕ್ಕ ನನ್ನನ್ನೂ ಕರೆಸಿದ್ದರು. ಮನೆಗೆ ಬಂದ ಅತಿಥಿಯನ್ನು ಬಿಡುವುದುಂಟೇ? ಲಾರ್ಸರಿಗೂ ಒಂದು ಲೋಟ ಕೊಟ್ಟರು. ಪುಣ್ಯಾತ್ಮ ಒಂದೇ ಗುಟುಕಿಗೆ ಕುಡಿದು, ಕಣ್ಣಲ್ಲಿ ನೀರು ತಂದುಕೊಂಡು, ಇದು ಯಾತಕ್ಕೆ ಎಂದು ಕೇಳಿದರು. ನನಗೆ ಇದೇ ಸರಿಯಾದ ಸಮಯ ಎನ್ನಿಸಿತು. "ಇದು ನಮ್ಮ ಈ ತಿಂಗಳಿನ..." ಎಂದು ಶುರುಮಾಡಿದೆ.

"ಸ್ಟಮಕ್, ಸ್ಟಮಕ್" ಎಂದು ಭೋಜಣ್ಣ ನಡುವೆ ಬಾಯಿ ಹಾಕಿ ತಮ್ಮ ಹೊಟ್ಟೆ ಸವರಿ ತೋರಿಸಿದರು.

ಲಾರ್ಸ್ ಮೆಂತೆಗಂಜಿ ಕುಡಿದು ಮಾಳಿಗೆಗೆ ಹೋದ ಮೇಲೆ ವಾರಿಜಕ್ಕ ಗಂಡನಿಗೆ ಹೇಳಿದರು, "ಅಷ್ಟು ದೂರದಿಂದ ಬಂದವರಿಗೆ ಆಟಿಯ ಮದ್ದು ಕುಡಿಸಿದ್ರಿ. ಆಟಿಯ ಸುದ್ದಿ ಹೇಳಲಿಕ್ಕೆ ಎಂತ ನಾಚಿಕೆ ನಿಮಗೆ?"

"ನೀನು ಒಳಗೆ ಹೋಗು" ಎಂದರು ಭೋಜಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಸುಮತೀ, ನಿನ್ನ ಬಾಯಿಂದ ಆ ಮಾತು ಹೊರಗೆ ಬಂದರೆ ನಾಳೆಯಿಂದ ನೀನು ಬರುವುದು ಬೇಡ, ಗೊತ್ತಾಯ್ತಾ?" ಎಂದರು. ಅವರು ಅದಕ್ಕೆ ಮೊದಲು ನನ್ನ ಮೇಲೆ ಸ್ವರ ಏರಿಸಿದ್ದೇ ಇಲ್ಲ. ಸಿಟ್ಟಿಗಿಂತ ಹೆಚ್ಚು ಹೆದರಿಕೆ ಇತ್ತು ಆ ಸ್ವರದಲ್ಲಿ. ಸಹಿ ಹಾಕಿದರೆ ಕೆಡುತ್ತದೆ, ಹೇಳಿದರೆ ಮಾನ ಹೋಗುತ್ತದೆ, ಎರಡರ ನಡುವೆ ಆ ದೊಡ್ಡ ಮನುಷ್ಯ ಚಿಕ್ಕವರಾಗುತ್ತಿದ್ದುದನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದರಿಂದ ಸಿಟ್ಟು ಇನ್ನೂ ಹೆಚ್ಚಿತು.

ಆಮೇಲಿನ ನೆಪ ವಕೀಲರದ್ದು. ಒಪ್ಪಂದದ ಕರಡನ್ನು ಕೊನೆಯ ಸಲ ನೋಡಬೇಕಾದ ಉಡುಪಿಯ ವಕೀಲರಿಗೆ ಕಾಮಾಲೆ, ಎದ್ದು ಕೂರುವ ಹಾಗಿಲ್ಲ ಎಂದು ಹೇಳಿಸಿದರು. ಲಾರ್ಸ್ ಬಹಳ ಮರುಗಿದರು. ತಮಗೂ ಒಮ್ಮೆ ಆಗಿತ್ತು, ಎಣ್ಣೆ ಪದಾರ್ಥ ಮುಟ್ಟಬಾರದು ಎಂದು ವಕೀಲರಿಗೆ ತಿಳಿಸಿ ಎಂದರು.

ಮರುವಾರ ಲಾರ್ಸ್ ಒಂದು ಟೆಲೆಕ್ಸ್ ಕಳಿಸಬೇಕಿತ್ತೆಂದು ನಾನು ಜೊತೆಗೆ ಉಡುಪಿಗೆ ಹೋದೆ. ಕೆಲಸ ಮುಗಿಸಿ ರಥಬೀದಿಯ ಹತ್ತಿರದ ಒಂದು ಹೋಟೆಲಿಗೆ ಕಾಫಿಗೆ ನುಗ್ಗಿದರೆ, ಎದುರಿನ ಮೇಜಿನಲ್ಲಿ ನಮ್ಮ ವಕೀಲರು! ಮುಂದೆ ಒಂದು ತಟ್ಟೆ ಬನ್ಸು, ಒಂದು ತಟ್ಟೆ ಗೋಳಿಬಜೆ. ಮುಖ ಟೊಮೆಟೊದಷ್ಟು ಕೆಂಪಗೆ, ಆರೋಗ್ಯದ ಖನಿ. ನನ್ನ ಗುರುತು ಹಿಡಿದು ಎದ್ದು ಬಂದು, ಲಾರ್ಸರ ಕೈ ಕುಲುಕಿ, ಭೋಜಣ್ಣನವರ ವಕೀಲ ನಾನೇ ಎಂದು ಪರಿಚಯ ಹೇಳಿಕೊಂಡರು. ಲಾರ್ಸ್, ನಿಮಗೆ ಹುಷಾರಾಯಿತೇ, ಎದ್ದು ಓಡಾಡಬಹುದೇ ಎಂದು ವಿಚಾರಿಸಿದರು. ವಕೀಲರಿಗೆ ತಲೆಬುಡ ತಿಳಿಯಲಿಲ್ಲ. "ನನಗೇನಾಗಿದೆ? ಕರಡು ಆಗಿ ಹದಿನೈದು ದಿನವಾಯಿತು, ಭೋಜಣ್ಣನವರದ್ದೇ ದಾರಿ ನೋಡುತ್ತಿದ್ದೇನೆ" ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲಾರ್ಸ್ ಕಾಫಿ ಪೂರ್ತಿ ಕುಡಿದರು. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಬಂದರು. ಆ ಸಂಜೆ ಅವರು, ನಾಳೆ ನೋಡೋಣ ಎನ್ನಲಿಲ್ಲ.

ನಾನು ನೇರ ಭೋಜಣ್ಣನ ಹತ್ತಿರ ಹೋಗಿ, ಆದದ್ದನ್ನೆಲ್ಲ ಹೇಳಿ, "ಇವತ್ತೇ ನಿಜ ಹೇಳಿ, ಕಾಲಿಗೆ ಬೀಳುತ್ತೇನೆ" ಎಂದೆ. ಅವರು ತಲೆಯ ಮೇಲೆ ಕೈಹೊತ್ತು ಕೂತರು. "ಇನ್ನೆಷ್ಟು ದಿನ ಉಂಟು, ಸೋಣದ ಸಂಕ್ರಮಣ ಬಂದೇ ಬಿಟ್ಟಿತು. ಹೇಗಾದರೂ ಒಂದು ವಾರ ದೂಡು ಮಾರಾಯ್ತಿ" ಎಂದರು. ಮರುದಿನ ಬೆಳಿಗ್ಗೆ ಲಾರ್ಸರಿಗೆ ಮುಖ ತೋರಿಸಲಾರದೆ ಹಿಂಬಾಗಿಲಿನಿಂದ ಕಾರ್ಕಳಕ್ಕೆ ಹೊರಟುಹೋದರು. ಮಂಗಳೂರಿಗೆ ಹೋಗಿದ್ದಾರೆ ಎಂದು ಹೇಳಬೇಕಂತೆ.

ಲಾರ್ಸ್ ಸೂಟ್‌ಕೇಸ್ ಹಿಡಿದೇ ಆಫೀಸಿಗೆ ಬಂದರು. ಮೇಜಿನೆದುರು ಕೂತು, "ಸುಮತಿ, ನೀವು ಸುಳ್ಳು ಹೇಳುವಾಗ ಟೈಪ್‌ರೈಟರ್ ನೋಡುತ್ತೀರಿ. ಇವತ್ತು ನನ್ನನ್ನು ನೋಡಿ ಹೇಳಿ. ನಿಮ್ಮ ಯಜಮಾನರಿಗೆ ಈ ಕಾರ್ಖಾನೆ ಬೇಡವೇ?" ಎಂದು ಕೇಳಿದರು.

ಕೆಲಸ ಹೋದರೆ ಹೋಗಲಿ ಎಂದು ನಾನು ಎಲ್ಲ ಹೇಳಿದೆ. ಆಟಿ ಎಂದರೇನು, ಭಟ್ಟಿ ಬಿರಿದದ್ದು, ಅಮಾವಾಸ್ಯೆಯ ಕಷಾಯ, ಯಾಕೆ ಅವರಿಗೆ ಹೇಳಲಿಲ್ಲ ಎನ್ನುವುದು. ಕಾರ್ಖಾನೆ ಅವರಿಗೆ ಪ್ರಾಣಕ್ಕಿಂತ ಹೆಚ್ಚು ಬೇಕು, ಅದಕ್ಕೇ ಕೆಟ್ಟ ತಿಂಗಳಲ್ಲಿ ಮುಟ್ಟಲು ಹೆದರುತ್ತಾರೆ ಎಂದೆ. ಹೇಳುವಾಗ ನನಗೆ ಅಳು ಬಂತು.

ಅವರು ನಗುತ್ತಾರೆ ಎಂದು ಭೋಜಣ್ಣ ಹೆದರಿದ್ದರಲ್ಲ? ಲಾರ್ಸ್ ನಗಲಿಲ್ಲ. ಹಣೆ ತಿಕ್ಕಿಕೊಂಡು ಹೇಳಿದರು, "ನಮ್ಮ ದೇಶದಲ್ಲಿ ಜುಲೈ ತಿಂಗಳು ಯಾರೂ ಕೆಲಸ ಮಾಡುವುದಿಲ್ಲ. ಕಾರ್ಖಾನೆಗಳಿಗೆ ಬೀಗ. ನಾನು ಹೊರಡುವಾಗ ನನ್ನ ಆಫೀಸಿನಲ್ಲಿ ಫೋನ್ ಎತ್ತುವವರೂ ಇರಲಿಲ್ಲ. ನನ್ನ ಹೆಂಡತಿ ಮಕ್ಕಳು ದ್ವೀಪದ ಮನೆಯಲ್ಲಿದ್ದಾರೆ, ನಾನೊಬ್ಬ ಬಿಟ್ಟು ಬಂದೆ. ಜುಲೈಯಲ್ಲಿ ಸಹಿ ಹಾಕಿ ಎಂದು ಯಾರಾದರೂ ನಮ್ಮನ್ನು ಕೇಳಿದರೆ, ಇದು ಜುಲೈ ಎಂದು ಹೇಳುತ್ತೇವೆ, ಅಷ್ಟೇ. ಅದರಲ್ಲಿ ನಾಚಿಕೆ ಏನು? ನೀವು ಹೇಳಿದ್ದರೆ ನಾನು ಮನೆಗೆ ಹೋಗಿ ರಜೆ ಮುಗಿಸಿ ಸೆಪ್ಟೆಂಬರಿನಲ್ಲಿ ಬರುತ್ತಿದ್ದೆ."

"ಈಗಲೂ ಬರಬಹುದಲ್ಲ?" ಎಂದೆ.

ಅವರು ತಲೆಯಲ್ಲಾಡಿಸಿದರು. ಅವರ ಕಂಪನಿಯ ಇನ್ನೊಬ್ಬರು ಮಲೇಷ್ಯಾದಲ್ಲಿ ಒಂದು ಜಾಗ ನೋಡಿಟ್ಟಿದ್ದರು. ಹೋಟೆಲಿನಲ್ಲಿ ವಕೀಲರನ್ನು ಕಂಡ ಮೇಲೆ ರಾತ್ರಿಯಿಡೀ ಯೋಚಿಸಿ, ಆ ಬೆಳಿಗ್ಗೆಯೇ ಅಂಚೆ ಕಚೇರಿಯಿಂದ ಅಲ್ಲಿಗೆ ತಂತಿ ಕಳಿಸಿ ಹೂಂ ಎಂದಾಗಿತ್ತು. "ತಿಂಗಳಿಗಾಗಿ ಕಾಯಬಹುದಿತ್ತು. ಆದರೆ ವಕೀಲರಿಗೆ ಕಾಯಿಲೆ ಎಂದು ಹೇಳುವವರು ನಾಳೆ ರಬ್ಬರಿನ ಬಗ್ಗೆ ಏನು ಹೇಳುತ್ತಾರೋ ಎಂದು ನನಗೆ ಹೇಗೆ ಗೊತ್ತಾಗಬೇಕು?" ಎಂದರು. ನನ್ನ ಕೈ ಕುಲುಕಿ, ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಹತ್ತಿದರು. ಪಿಂಗಾಣಿಯ ಕೈಯನ್ನು ಒಯ್ಯಲಿಲ್ಲ, ಗಿರಿಜಕ್ಕನಿಗೆ ಕೊಡಿ ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಊರಿನಲ್ಲಿ ಬಗೆಬಗೆಯ ಮಾತಾಯಿತು. ದಿಲ್ಲಿಯವರು ಒಂದೂವರೆ ವರ್ಷ ಎಳೆದದ್ದಕ್ಕೆ ಹೀಗಾಯಿತು ಎಂದರು ಕೆಲವರು. ಬಿಳಿಯರನ್ನು ನಂಬಬಾರದು, ಅವರದ್ದು ಲಾಭದ ಲೆಕ್ಕ ಎಂದರು ಇನ್ನು ಕೆಲವರು. ನನಗೆ ಅರ್ಥಶಾಸ್ತ್ರ ಕಲಿಸಿದ ಮೇಷ್ಟ್ರು ಸಿಕ್ಕಿ, ಬಡ ದೇಶಗಳಿಗೆ ವಿದೇಶಿ ಬಂಡವಾಳ ಬಾರದಿರಲು ನೀತಿಯೇ ಕಾರಣ ಎಂದು ದಾರಿಯಲ್ಲೇ ನಿಲ್ಲಿಸಿಕೊಂಡು ಪಾಠ ಮಾಡಿದರು. ಅವರ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಎಷ್ಟೋ ಕಡೆ ಹಾಗೇ ಆಗಿರಬಹುದು. ಆದರೆ ನಮ್ಮ ಕಾಪುವಿಗೆ ಬಂಡವಾಳ ಬಂದಿತ್ತು ಮೇಷ್ಟ್ರೇ. ಬಂದು ಮಾಳಿಗೆಯಲ್ಲಿ ಮಲಗಿತ್ತು. ಬೆಳಿಗ್ಗೆ ಎದ್ದು ಕಹಿ ಕಷಾಯ ಕುಡಿದಿತ್ತು. ಅದಕ್ಕೆ ನಾವು ನಮ್ಮ ಮನೆಯ ಒಂದು ನಿಜ ಹೇಳಲಿಲ್ಲ. ಬಿಳಿ ಚರ್ಮದವನ ಎದುರು ನಮ್ಮದನ್ನು ನಮ್ಮದು ಎನ್ನಲು ನಾಲಿಗೆ ಏಳದಿದ್ದರೆ, ಅದಕ್ಕೆ ಯಾವ ಸರಕಾರ ಯಾವ ನೀತಿ ಮಾಡಬೇಕು?

ಕಾರ್ಕಳದಿಂದ ಬಂದ ಭೋಜಣ್ಣನಿಗೆ ಲಾರ್ಸ್ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಜುಲೈಯ ಬೀಗ, ದ್ವೀಪದ ಮನೆ, ಸೆಪ್ಟೆಂಬರಿನ ಮಾತು, ಎಲ್ಲ. ಆಗಲಾದರೂ ಅವರಿಗೆ ತಿಳಿಯಬಹುದು, ಹಣೆ ಚಚ್ಚಿಕೊಳ್ಳಬಹುದು ಎಂದು ಕಾದೆ. ಅವರ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಹೇಳಿದರು, "ನೋಡಿದ್ಯಾ ಸುಮತಿ, ನಾನು ಹೇಳಿದ್ದಲ್ವಾ? ಸಹಿ ಬಿಡು, ಆಟಿಯಲ್ಲಿ ಅವರನ್ನು ಹೊಸ್ತಿಲು ದಾಟಿಸಿದ್ದೇ ತಪ್ಪಾಯ್ತು."

ನಾನು ಟೈಪ್‌ರೈಟರಿಗೆ ಮುಸುಕು ಹಾಕಿ ಮನೆಗೆ ಬಂದೆ. ದೊಡ್ಡಮ್ಮನಿಗೆ ಬರುತ್ತೇನೆಂದು ತಂತಿ ಕೊಟ್ಟೆ. ಅಮ್ಮ ನಾಲ್ಕು ದಿನ ನಿಲ್ಲೆಂದು ಬೇಡಿದಳು, ನಾನು ಕೇಳಲಿಲ್ಲ. ಬೊಂಬಾಯಿ ಬಸ್ಸು ಸಂಜೆಗೆ ಕಾಪುವಿಗೆ ಬರುತ್ತಿತ್ತು. ಟ್ರಂಕು ಇಟ್ಟುಕೊಂಡು ರಸ್ತೆ ಬದಿ ನಿಂತಿದ್ದಾಗ ಭೋಜಣ್ಣ ಕೊಡೆ ಹಿಡಿದು ಬಂದರು. ವಾರಿಜಕ್ಕ ಕಟ್ಟಿಕೊಟ್ಟ ಪತ್ರೊಡೆಯ ಪೊಟ್ಟಣವನ್ನು ನನ್ನ ಕೈಗಿಟ್ಟು, "ನಾನು ಹೇಳುವುದು ಕೇಳು ಸುಮತಿ. ಈಗ ಹೋಗಬೇಡ. ಇದು ಆಟಿ ಅಲ್ವಾ? ಸೋಣದಲ್ಲಿ ಹೋಗು" ಎಂದರು. ಅಷ್ಟು ಸಲೀಸಾಗಿ, ಒಂದಿಷ್ಟೂ ನಾಚಿಕೆಯಿಲ್ಲದೆ, ಮನೆಯ ಹಿರಿಯ ಹೇಳುವ ಹಾಗೆ.

"ಇದೇ ಮಾತನ್ನು ಅವರಿಗೆ ಹೇಳಿದ್ದರೆ ನಾನು ಹೋಗಬೇಕಾಗಿಯೇ ಇರಲಿಲ್ಲ ಭೋಜಣ್ಣ" ಎಂದೆ.

ಅಷ್ಟರಲ್ಲಿ ಬಸ್ಸು ಬಂತು, ಅವರೇ ಬಗ್ಗಿ ನನ್ನ ಟ್ರಂಕು ಎತ್ತಿಕೊಟ್ಟರು.